ಆರೋಗ್ಯ ಮಂತ್ರಿಯ ಕೊರಳಿನ ಕೀಲಿ

ಎಂ.ಕೆ. ಹುಬ್ಬಳ್ಳಿಯ ಹತ್ತಿರದ ನಮ್ಮೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಮನೆ ಮುಂದೆಯೇ ಹಾದು ಹೋಗುತ್ತವೆ. ಅಂಥ ಊರಿನಲ್ಲಿ ಬೆಲ್ಲಕ್ಕೆ ಕೀಲಿ ಹಾಕಿದ ಮನೆ ನಮ್ಮದೊಂದೇ. ಹಾಕಿದವಳು ನಾಲ್ಕನೇ ಇಯತ್ತೆ ಓದುವ ನನ್ನ ಮೊಮ್ಮಗಳು ರಾಜೇಶ್ವರಿ, ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿ. ಗೌತಮ ಮಾಸ್ತರರು ತರಗತಿಯಲ್ಲಿ ಹೇಳಿದ್ದು ಸಂಜೆಯೊಳಗೆ ನಮ್ಮ ಮನೆಯಲ್ಲಿ ಕಾನೂನಾಗುತ್ತಿತ್ತು. ಚಿಪ್ಸ್ ಬಂದ್, ಬಾಟಲಿಯ ತಂಪು ಪಾನೀಯ ಬಂದ್, ಗಂಟೆಗೊಮ್ಮೆ ನೀರು.

ನನಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಇದೇ ಕಾಯಿಲೆ ನಮ್ಮ ಯಜಮಾನರನ್ನು ಒಯ್ದಿತ್ತು. ಹಾಗಾಗಿ ರಾಜೇಶ್ವರಿ ಸಕ್ಕರೆ, ಬೆಲ್ಲದ ಡಬ್ಬಿಗಳನ್ನು ಟ್ರಂಕಿನೊಳಗಿಟ್ಟು ಕೀಲಿಕೈಯನ್ನು ಕೊರಳಿಗೆ ಕಟ್ಟಿಕೊಂಡಳು. ಮಗ, ಸೊಸೆ ನಕ್ಕು ಸುಮ್ಮನಾದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಮಂತ್ರಿಗಳ ಮುಂದೆ ನಮ್ಮದೇನು ನಡೆದೀತು!

ಆ ರವಿವಾರ ಮಗ, ಸೊಸೆ ಮೊದಲನೇ ಬಸ್ಸಿಗೆ ಯರಗಟ್ಟಿಗೆ ಹೋಗಿದ್ದರು. ನಾನು ಇನ್ಸುಲಿನ್ ಸೂಜಿ ಚುಚ್ಚಿಕೊಂಡು ರೊಟ್ಟಿಗೆ ಕುಳಿತೆ. ರಾಜೇಶ್ವರಿ ತಾಟನ್ನೇ ಎಳೆದುಕೊಂಡಳು.

"ಮೊದಲ ವ್ಯಾಯಾಮ, ಆಮ್ಯಾಲ ನಾಷ್ಟಾ. ಏಳ ಆಯಿ."

ಅಂಗಳ ಸುತ್ತಿಸಿದಳು, ಕೈ ಎತ್ತಿಸಿದಳು, ಸೊಂಟ ಬಗ್ಗಿಸಿದಳು. ಬೈಯುತ್ತಲೇ ಎಲ್ಲ ಮಾಡಿದೆ. ಒಳಗೆ ಬಂದು ಕೂರುವಷ್ಟರಲ್ಲಿ ಮೈ ಬೆವರಿ ಸೀರೆ ಅಂಟಿಕೊಂಡಿತು. ಕೈ ನಡುಗತೊಡಗಿತು. ಕಣ್ಣ ಮುಂದಿನ ಗೋಡೆ ಅಲುಗಿತು.

ಇದೇನೆಂದು ನನಗೆ ಗೊತ್ತಿತ್ತು, ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. "ಹಿಂಗ ಆತಂದ್ರ ಒಂದ ನಿಮಿಷ ತಡಾ ಮಾಡಬ್ಯಾಡ್ರಿ, ಬೆಲ್ಲಾ ಬಾಯಾಗ ಹಾಕ್ಕೋರಿ, ಇಲ್ಲಂದ್ರ ಜೀವಕ್ಕ ಅಪಾಯ" ಎಂದು ಬೈಲಹೊಂಗಲದ ಡಾಕ್ಟರು ಹೇಳಿದ್ದರು. ಮಗುವಿಗೆ ಮಾತ್ರ ಇದನ್ನು ಯಾರೂ ಹೇಳಿರಲಿಲ್ಲ.

"ರಾಜೀ, ಬೆಲ್ಲಾ... ಲಗೂನ..."

"ಬ್ಯಾಡ ಆಯಿ! ಬೆಲ್ಲಾ ತಿಂದ್ರ ನೀ ಸಾಯ್ತಿ!"

ನೀರು ತಂದಳು. ಕುಡಿಸಿದಳು. ಮತ್ತೆ ತಂದಳು. ಅರ್ಧ ನನ್ನ ಕೊರಳಿನ ಮೇಲೆ ಚೆಲ್ಲಿತು. ರೊಟ್ಟಿ ಮುರಿದು ಬಾಯಿಗಿಟ್ಟಳು, ಅಗಿಯಲು ದವಡೆ ಏಳಲಿಲ್ಲ. ವಿವರಿಸಿ ಹೇಳೋಣವೆಂದರೆ ನಾಲಿಗೆ ತೊದಲಿ ಮಾತು ಕಲಸಿಹೋಯಿತು. ಕೀಲಿಕೈ ನನ್ನ ಮುಖದ ಮುಂದೆಯೇ ತೂಗುತ್ತಿತ್ತು. ಕೈ ಚಾಚಿದೆ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಸರಿದಳು. ಮೊಮ್ಮಗಳ ಕಣ್ಣೆದುರಿಗೇ, ಅವಳ ಕೈಯಿಂದಲೇ ಸಾಯುತ್ತೇನೆ, ಇದು ಅವಳಿಗೆ ಎಂದೆಂದಿಗೂ ಅಂಟಿಕೊಳ್ಳುತ್ತದೆ ಎಂದು ನನಗೆ ಭಯವಾಯಿತು.

"ಬೆಲ್ಲಾ ಕೊಡಽ..." ಎಂದೆ. ಅದು ಮಾತಾಗಿತ್ತೋ ನರಳಾಟವಾಗಿತ್ತೋ ತಿಳಿಯದು. ಪಕ್ಕಕ್ಕೆ ವಾಲಿ ಬಿದ್ದೆ.

ಟ್ರಂಕು ಕಿರುಗುಟ್ಟಿತು. ಸಣ್ಣ ಬೆರಳುಗಳು ನನ್ನ ತುಟಿಯೊಳಗೆ ಬೆಲ್ಲದ ತುಣುಕು ತುರುಕಿದವು. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮರುಕ್ಷಣ ಹೊರಗೆ ಓಡಿದಳು.

"ಕೆಂಚವ್ವಾ! ಬಾ ಲಗೂನ! ನಾ ನಮ್ಮಾಯಿಗಿ ಬೆಲ್ಲಾ ತಿನ್ನಿಸಿ ಕೊಂದ್ನಿ!"

ನೆರೆಮನೆಯ ಕೆಂಚವ್ವ ಎದ್ದು ಬಿದ್ದು ಬಂದಾಗ ನಾನು ಇನ್ನೊಂದು ತುಣುಕಿಗೆ ಕೈ ಮಾಡುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತಿತು, ಗೋಡೆ ತನ್ನ ಜಾಗಕ್ಕೆ ಬಂತು. ರಾಜೇಶ್ವರಿ ಮಾತ್ರ ಒಳಗೆ ಬರಲಿಲ್ಲ. ಬಾಗಿಲ ಆಚೆ ಮುಖ ಮುಚ್ಚಿಕೊಂಡು ನಿಂತಿದ್ದಳು.

"ಬಾ ಇಲ್ಲಿ. ಸತ್ತಿಲ್ಲ ನಾ," ಎಂದೆ.

ಬಂದವಳು ನನ್ನ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ಅವಳನ್ನು ತಬ್ಬಿಕೊಂಡೆ. ನನ್ನ ಎದೆಗಿಂತ ಅವಳ ಎದೆ ಜೋರಾಗಿ ಬಡಿಯುತ್ತಿತ್ತು.

"ತಿಂದ್ರ ಸಾಯ್ತಾಳಂತ ಗೊತ್ತಿದ್ದೂ ಯಾಕ ಕೊಟ್ಟಿ?" ಎಂದು ಕೆಂಚವ್ವ ಅವಳನ್ನು ಕೇಳಿದಳು.

"ಅಜ್ಜಾ ಬೆಲ್ಲಾ ಬೇಡಿದಾಗ ನೀ ಕೊಡಲಿಲ್ಲ," ಎಂದಳು ರಾಜೇಶ್ವರಿ, ನನ್ನ ಕಡೆ ತಿರುಗಿ. "ಅಂವಾ ಸತ್ತ ಮ್ಯಾಲ ದಿನಾ ಅದನ್ನ ನೆನಿಸಿ ಅಳ್ತಿದ್ದಿ. ನಾ ನಿನ್ನಂಗ ಅಳಬೇಕಾಗ್ತದಂತ ಅಂಜಿಕಿ ಬಂತು."