ಮುದ್ದೆಮಾಲಾದ ಸ್ಪ್ಯಾನರ್

ನಾನು ಒಂದು ಸ್ಪ್ಯಾನರ್. ನನ್ನ ಒಂದು ಬಾಯಿ ಹನ್ನೆರಡು ಮಿಲಿಮೀಟರಿನದು, ಇನ್ನೊಂದು ಹದಿಮೂರರದು. ಪಂಜಾಬಿನ ಒಂದು ಕಾರ್ಖಾನೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ತುಂಡಾಗಿದ್ದೆ. ಅಚ್ಚಿನ ಮೇಲಿಟ್ಟು ಬಡಿದು ಈ ಆಕಾರಕ್ಕೆ ತಂದರು, ಎಣ್ಣೆಯಲ್ಲಿ ಮುಳುಗಿಸಿ ಗಟ್ಟಿ ಮಾಡಿದರು, ಉಜ್ಜಿ ಹೊಳಪು ಕೊಟ್ಟರು. ಆಮೇಲೆ ಲಾರಿ, ಗೋದಾಮು, ಕೊನೆಗೆ ಬಯಲುಸೀಮೆಯ ಒಂದು ಪಟ್ಟಣದ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಮೊಳೆಗೆ ನೇತುಬಿದ್ದು ಒಂದು ಬೇಸಿಗೆ ಕಳೆದೆ.

ನನ್ನನ್ನು ಕೊಂಡವನು ಓಬಳೇಶ. ಅಂಗಡಿಗೆ ಬಂದವರೆಲ್ಲ ಮೊದಲು ಬೆಲೆ ಕೇಳುತ್ತಿದ್ದರು. ಅವನು ನನ್ನನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ, ಬಾಯೊಳಗೆ ಬೆರಳಿಟ್ಟು ಅಂಚು ಸವರಿದ. ಮನೆಗೆ ಹೋದಮೇಲೆ ಮೊಳೆಯಿಂದ ನನ್ನ ಬೆನ್ನ ಮೇಲೆ 'ಓ' ಎಂದು ಕೆತ್ತಿದ.

ಓಬಳೇಶನಿಗೆ ಸ್ವಂತ ಹೊಲ ಇರಲಿಲ್ಲ. ಅವನೂ ಅವನ ಹೆಂಡತಿ ಮಾಳಮ್ಮನೂ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತ, ಶೇಂಗಾ ಬಿಡಿಸುತ್ತ ಬದುಕಿದವರು. ಆ ಹೊಲಗಳನ್ನೆಲ್ಲ ಒಂದು ಕಂಪನಿ ಗುತ್ತಿಗೆಗೆ ಹಿಡಿದು, ಸೂರ್ಯನಿಂದ ಕರೆಂಟು ಮಾಡುವ ಪ್ಯಾನೆಲ್ಲುಗಳನ್ನು ಸಾಲುಸಾಲಾಗಿ ನಿಲ್ಲಿಸಿತು. ಹೊಲದವರಿಗೆ ಬಾಡಿಗೆ ಬಂತು, ಕೂಲಿಯವರಿಗೆ ಕೂಲಿ ಹೋಯಿತು. ಓಬಳೇಶ ಸುಮ್ಮನೆ ಕೂರಲಿಲ್ಲ. ಮೂರು ತಿಂಗಳ ತರಬೇತಿ ಮುಗಿಸಿ, ಅದೇ ಕಂಪನಿಯಲ್ಲಿ ಫಿಟ್ಟರ್ ಆದ. ಮಾಳಮ್ಮನಿಗೆ ಪ್ಯಾನೆಲ್ ತೊಳೆಯುವ ಹೆಂಗಸರ ಗುಂಪಿನಲ್ಲಿ ಕೆಲಸ ಸಿಕ್ಕಿತು.

ಆ ಕೆಲಸಕ್ಕೆಂದೇ ಅವನು ನನ್ನನ್ನು ಕೊಂಡದ್ದು. ಮುಂದಿನ ನಾಲ್ಕು ವರ್ಷ ನನ್ನ ಬಾಳಿನ ಒಳ್ಳೆಯ ಕಾಲ. ದಿನಕ್ಕೆ ನೂರಾರು ಬೋಲ್ಟು. ಎಷ್ಟು ಬಿಗಿ ಸಾಕು ಎಂಬುದು ಓಬಳೇಶನ ಮಣಿಕಟ್ಟಿಗೆ ಗೊತ್ತಿತ್ತು, ಹೆಚ್ಚು ತಿರುಗಿಸಿ ಗಾಜು ಒಡೆದದ್ದು ಒಂದು ಸಲವೂ ಇಲ್ಲ. ಈ ಕೆಲಸದಲ್ಲಿ ಹೊಗೆಯಿಲ್ಲ, ಮಸಿಯಿಲ್ಲ, ನಮ್ಮೂರಿಗೆ ಬಂದದ್ದು ಪುಣ್ಯ ಎಂದು ಅವನು ಜೊತೆಯವರಿಗೆ ಹೇಳುತ್ತಿದ್ದ. ಆದರೆ ಮಾಳಮ್ಮನ ಗುಂಪಿನವರಿಗೆ ಕೈಗವಸು ಇರಲಿಲ್ಲ, ಕೂತು ಉಣ್ಣಲು ನೆರಳಿರಲಿಲ್ಲ, ಕಾಯಂ ಎಂಬ ಮಾತೇ ಇರಲಿಲ್ಲ. ಕೇಳಿದವಳನ್ನು ಮರುದಿನ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು.

ಅಷ್ಟರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಅವರ ಕೇರಿಯ ಸೀಟು ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಗಿತ್ತು. ಯಾರೋ ದೊಡ್ಡವರು ತಮಗೆ ಬೇಕಾದ ಹೆಸರು ಹೇಳುವ ಮೊದಲೇ ಮಾಳಮ್ಮ ನಾಮಪತ್ರ ಹಾಕಿದಳು. ಇಲ್ಲಿಯ ಕೆಲಸ ಮೊದಲು ಇಲ್ಲಿಯ ಭೂಮಿ ಇಲ್ಲದವರಿಗೆ ಸಿಗಬೇಕು ಎಂದು ಮನೆಮನೆಗೆ ಹೋಗಿ ಹೇಳಿದಳು.

ಒಂದು ಮಧ್ಯಾಹ್ನ ಸೂಪರ್‌ವೈಸರ್ ಪ್ರದೀಪ, ಓಬಳೇಶ ಬೋಲ್ಟು ಬಿಗಿಯುತ್ತಿದ್ದ ಕಡೆಗೇ ಬಂದ. ಹೆಂಡತಿಗೆ ಹೇಳಿ ನಾಮಪತ್ರ ವಾಪಸ್ ತೆಗೆಸು, ಮೇಲಿನವರಿಗೆ ಇಷ್ಟವಿಲ್ಲ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದ. ಓಬಳೇಶ ನನ್ನನ್ನು ಬೋಲ್ಟಿನಿಂದ ತೆಗೆಯಲಿಲ್ಲ.

"ಹಾಕ್ಸಿದ್ದು ನಾನಲ್ಲ ಸಾರ್," ಎಂದ. "ತೆಗೆಸೋದು ಹೆಂಗೆ?"

ನಾಲ್ಕನೆಯ ದಿನ ತಾಮ್ರದ ಕೇಬಲ್ ಕಳುವಾಗಿದೆ ಎಂದು ದೂರು ಹೋಯಿತು. ಪೊಲೀಸರು ಓಬಳೇಶನನ್ನು ಮನೆಯಿಂದ ಕರೆದೊಯ್ದರು. ಕೇಬಲ್ ಅವನ ಹತ್ತಿರ ಸಿಗಲಿಲ್ಲ. ಸಿಕ್ಕಿದ್ದು ನಾನು. ಕೃತ್ಯಕ್ಕೆ ಬಳಸಿದ ಉಪಕರಣ ಎಂದು ಬರೆದು, ಕಂದು ಕಾಗದದಲ್ಲಿ ಸುತ್ತಿ, ಅರಗಿನ ಮೊಹರು ಒತ್ತಿದರು. ಕೇಸಿಗೆ ಸಾಕ್ಷಿಯಾಗಿ ಎತ್ತಿಟ್ಟ ವಸ್ತುವನ್ನು ಮುದ್ದೆಮಾಲು ಎನ್ನುತ್ತಾರೆ. ಅಂದಿನಿಂದ ನಾನು ಮುದ್ದೆಮಾಲು. ಸ್ಪ್ಯಾನರಿನಿಂದ ಯಾವ ಕೇಬಲ್ಲನ್ನೂ ಕತ್ತರಿಸಲು ಬರುವುದಿಲ್ಲ. ನನಗೆ ಅದು ಗೊತ್ತು, ಬರೆದುಕೊಂಡವರಿಗೂ ಗೊತ್ತಿದ್ದೀತು.

ಠಾಣೆಯ ಹಿಂದಿನ ಕೋಣೆಯಲ್ಲಿ ನನ್ನನ್ನಿಟ್ಟರು. ಅಲ್ಲಿ ತುಕ್ಕು ಹಿಡಿದ ಕುಡುಗೋಲುಗಳು, ಗಾಳಿ ಹೋದ ಬೈಕುಗಳು, ರಕ್ತ ಒಣಗಿದ ಒಂದು ಸೀರೆ. ಎಲ್ಲಕ್ಕೂ ಒಂದೊಂದು ಚೀಟಿ. ಕೆಲವು ಚೀಟಿಗಳ ಅಕ್ಷರ ಅಳಿಸಿಹೋಗಿ, ಅವು ಯಾರ ಕೇಸಿಗಾಗಿ ಕಾಯುತ್ತಿವೆ ಎಂಬುದೇ ತಿಳಿಯುವಂತಿರಲಿಲ್ಲ. ಕೋಣೆಯ ಉಸ್ತುವಾರಿ ಹೆಡ್ ಕಾನ್‌ಸ್ಟೇಬಲ್ ಈರಣ್ಣನದು. ಬಾಗಿಲಿನ ಹೊರಗೇ ಅವನ ಕುರ್ಚಿ. ಮಾಳಮ್ಮ ಬಂದಾಗಲೆಲ್ಲ ಅವನ ಮುಂದೆ ನಿಂತು ಮಾತಾಡುತ್ತಿದ್ದಳು. ಮುಂದಿನ ಎರಡು ವರ್ಷ ನನಗೆ ತಿಳಿದದ್ದೆಲ್ಲ ಆ ಮಾತುಗಳಿಂದಲೇ.

ಎರಡನೆಯ ತಿಂಗಳಲ್ಲೇ ಓಬಳೇಶನಿಗೆ ಜಾಮೀನು ಮಂಜೂರಾಯಿತು. ಆದರೆ ಜಮೀನಿನ ಪಹಣಿ ಇಟ್ಟು ಇಬ್ಬರು ಹೊಣೆ ನಿಲ್ಲಬೇಕಿತ್ತು. ಪಹಣಿ ಇದ್ದವರ ಜಮೀನೆಲ್ಲ ಕಂಪನಿಯ ಗುತ್ತಿಗೆಯಲ್ಲಿತ್ತು. ಮಾಳಮ್ಮ ಹನ್ನೊಂದು ಮನೆಗೆ ಹೋದಳು. ನೀರು ಕೊಟ್ಟರು, ಕೂರಿಸಿದರು, ಓಬಳೇಶ ಒಳ್ಳೆಯವನು ಎಂದರು. ಸಹಿ ಯಾರೂ ಹಾಕಲಿಲ್ಲ.

ಆ ನಡುವೆಯೇ ಚುನಾವಣೆ ನಡೆಯಿತು. ಮಾಳಮ್ಮ ಅರವತ್ತಮೂರು ಮತಗಳಿಂದ ಗೆದ್ದಳು. ಪ್ಯಾನೆಲ್ ತೊಳೆಯುವ ಹೆಂಗಸರು ಕೆಲಸ ಹೋದರೆ ಹೋಗಲಿ ಎಂದು ಸಾಲಾಗಿ ಬಂದು ಓಟು ಹಾಕಿದ್ದರು. ಆ ವಾರ ಅವಳು ಜೈಲಿಗೆ ಹೋಗಿ ಕಂಬಿಯಾಚೆಯಿಂದ ಗಂಡನಿಗೆ ಶಾಯಿ ಹಚ್ಚಿದ ಬೆರಳು ತೋರಿಸಿದಳಂತೆ. ಓಬಳೇಶ ಅದನ್ನೇ ನೋಡುತ್ತ ನಿಂತನಂತೆ. ವಿಚಾರಣೆ ಮುಗಿಯದೆ ಒಳಗಿರುವವರಿಗೂ ಓಟಿಲ್ಲ. ಹೆಂಡತಿ ನಿಂತ ಚುನಾವಣೆಯಲ್ಲಿ ಅವನಿಗೆ ಓಟಿರಲಿಲ್ಲ.

"ಇನ್ನೂ ತಪ್ಪು ಮಾಡಿದಾನೆ ಅಂತ ಯಾರೂ ಹೇಳಿಲ್ಲ ಈರಣ್ಣಾರೆ," ಎಂದು ಮಾಳಮ್ಮ ಕೇಳಿದಳು. "ಓಟು ಯಾಕೆ ಕಿತ್ಕಂಡ್ರು?"

ಈರಣ್ಣ ಎದ್ದ. ಅವಳಿಗೆ ಕುರ್ಚಿ ಬಿಟ್ಟುಕೊಟ್ಟು ತಾನು ಹೊರಗೆ ಹೋಗಿ ನಿಂತ.

ಸರ್ಕಾರದ ಉಚಿತ ಕಾನೂನು ನೆರವಿನಿಂದ ನಫೀಸಾ ಎಂಬ ವಕೀಲೆ ಸಿಕ್ಕರು. ಹೊಣೆಗಾರರಿಲ್ಲದೆ ಓಬಳೇಶನನ್ನು ಬಿಡಬೇಕೆಂದು ಅರ್ಜಿ ಹಾಕಿದರು. ಒಂದು ಸಲ ಸರ್ಕಾರಿ ವಕೀಲರು ಬರಲಿಲ್ಲ, ಒಂದು ಸಲ ಕಡತ ಸಿಗಲಿಲ್ಲ, ಒಂದು ಸಲ ನ್ಯಾಯಾಧೀಶರಿಗೆ ವರ್ಗವಾಯಿತು. ಓಬಳೇಶನಿಗೆ ಕೆಮ್ಮು ಶುರುವಾಗಿದೆ ಎಂದು ಮಾಳಮ್ಮ ಮೊದಲ ಸಲ ಹೇಳಿದ್ದು ಆ ದಿನಗಳಲ್ಲಿ.

ಮೂರನೆಯ ವರ್ಷ ವಿಚಾರಣೆ ಶುರುವಾಯಿತು. ಈರಣ್ಣ ನನ್ನನ್ನು ಕೋರ್ಟಿಗೆ ಒಯ್ದ. ಅಲ್ಲಿ ಮೊಹರು ಒಡೆದು, ಮೇಜಿನ ಮೇಲಿಟ್ಟರು. ಕಟಕಟೆಯಲ್ಲಿ ಓಬಳೇಶ ನಿಂತಿದ್ದ. ಅಂಗಿಯ ತೋಳು ಅವನ ಕೈಗೆ ದೊಡ್ಡದಾಗಿತ್ತು. ಕಂಬಿ ಹಿಡಿದುಕೊಂಡೇ ಕೆಮ್ಮುತ್ತಿದ್ದ. ನನ್ನನ್ನು ಕಂಡದ್ದೇ ಅವನ ಬಲಗೈ ಬೆರಳುಗಳು ಸ್ವಲ್ಪ ಮಡಚಿಕೊಂಡವು.

ಸೂಪರ್‌ವೈಸರ್ ಪ್ರದೀಪನೇ ಸಾಕ್ಷಿ. ನಫೀಸಾ ನನ್ನನ್ನು ಅವನ ಕೈಗೆ ಕೊಟ್ಟರು.

"ಇದರಿಂದ ಆ ಕೇಬಲ್ ಕತ್ತರಿಸೋಕಾಗುತ್ತಾ?"

ಪ್ರದೀಪ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಅಂಗೈ ಬೆವರಿತ್ತು. ಕೊನೆಗೆ, "ಇಲ್ಲ," ಎಂದ.

ಅದನ್ನು ಬರೆದುಕೊಂಡರು. ಮುಂದಿನ ತಾರೀಖು ಐದು ವಾರಕ್ಕೆ ಬಿತ್ತು. ಮಾಳಮ್ಮ ಅಂದು ಹೊರಗೆ ಬಂದು, ಇನ್ನು ಮುಗಿಯಿತು, ಮುಂದಿನ ಸಲ ಮನೆಗೆ ಕಳಿಸುತ್ತಾರೆ ಎಂದು ಈರಣ್ಣನಿಗೆ ಹೇಳಿದಳು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಐದು ವಾರ ಓಬಳೇಶ ಉಳಿಯಲಿಲ್ಲ. ಕ್ಷಯ ಎರಡೂ ಶ್ವಾಸಕೋಶ ತಿಂದಿತ್ತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ತೀರಿಕೊಂಡ.

ಆ ತಾರೀಖಿಗೂ ನನ್ನನ್ನು ಕೋರ್ಟಿಗೆ ತಂದರು. ಆರೋಪಿ ಮೃತಪಟ್ಟ ಕಾರಣ ಪ್ರಕರಣ ಮುಕ್ತಾಯ ಎಂದು ನ್ಯಾಯಾಧೀಶರು ಬರೆಸಿದರು. ಎರಡು ನಿಮಿಷದ ಕೆಲಸ. ಮಾಳಮ್ಮ ಎದ್ದು ನಿಂತಳು.

"ಸ್ವಾಮಿ, ಕದ್ದಿಲ್ಲ ಅಂತ ಒಂದು ಮಾತು ಬರೆದುಕೊಡಿ. ಊರಿಗೆ ತೋರಿಸ್ಬೇಕು."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಸತ್ತವರ ಮೇಲೆ ತೀರ್ಪು ಬರೆಯೋಕೆ ಬರಲ್ಲಮ್ಮ. ಕಳ್ಳ ಅಂತಲೂ ಬರೆದಿಲ್ಲ," ಎಂದರು. ಅವರ ದನಿಯಲ್ಲಿ ಮರುಕವಿತ್ತು. ಮಾಳಮ್ಮ ನಿಂತಿರುವಾಗಲೇ ಮುಂದಿನ ಕೇಸಿನವರ ಹೆಸರು ಕೂಗಿದರು.

ನನ್ನನ್ನು ಗುಜರಿಗೆ ಹಾಕಬಹುದಿತ್ತು. ಮಾಳಮ್ಮ ಅರ್ಜಿ ಬರೆಸಿ, ಎರಡು ಸಲ ಅಲೆದು, ನನ್ನನ್ನು ಬಿಡಿಸಿಕೊಂಡಳು. ಸೀಮೆಎಣ್ಣೆ ಹಚ್ಚಿ ತುಕ್ಕು ಉಜ್ಜಿದಳು. 'ಓ' ಬಂದ ಜಾಗದಲ್ಲಿ ಮಾತ್ರ ನಿಧಾನವಾಗಿ ಉಜ್ಜಿದಳು.

ಈಗ ನನಗೆ ಕೆಲಸವಿಲ್ಲ. ಬಾಯಿ ಸವೆದಿದೆ, ಬೋಲ್ಟು ಹಿಡಿಯುವುದಿಲ್ಲ. ಮಾಳಮ್ಮ ಎರಡನೆಯ ಸಲವೂ ಗೆದ್ದು ಪಂಚಾಯಿತಿಯಲ್ಲಿದ್ದಾಳೆ. ತೊಳೆಯುವ ಹೆಂಗಸರಿಗೆ ಕೈಗವಸೂ ನೆರಳೂ ಬಂದಿವೆ, ಕಾಯಂ ಇನ್ನೂ ಆಗಿಲ್ಲ. ಕಳೆದ ವರ್ಷ ಅವಳ ಮನೆಯ ಜಾಗಕ್ಕೆ ಅವಳ ಹೆಸರಿನಲ್ಲೇ ಹಕ್ಕುಪತ್ರ ಸಿಕ್ಕಿತು. ಅವರ ಮನೆತನದಲ್ಲಿ ಸ್ವತ್ತಿನ ಕಾಗದ ಎಂದರೆ ಅದೇ ಮೊದಲು. ಅದನ್ನು ಟ್ರಂಕಿನಲ್ಲಿಟ್ಟು, ಮೇಲೆ ನನ್ನನ್ನಿಟ್ಟಳು.

ಹೋದ ತಿಂಗಳು ಪಕ್ಕದೂರಿನಿಂದ ಒಬ್ಬ ಮುದುಕಿ ಬಂದಳು. ಮಗ ಎಂಟು ತಿಂಗಳಿಂದ ಜೈಲಿನಲ್ಲಿದ್ದಾನೆ, ಜಾಮೀನು ಸಿಕ್ಕಿದೆ, ಹೊಣೆ ನಿಲ್ಲುವವರಿಲ್ಲ ಎಂದು ಬಾಗಿಲಲ್ಲೇ ಕೂತು ಹೇಳಿದಳು. ಅವಳು ಯಾರೆಂದು ಮಾಳಮ್ಮನಿಗೆ ಸರಿಯಾಗಿ ಗೊತ್ತಿರಲಿಲ್ಲ. ಟ್ರಂಕು ತೆಗೆದಳು. ನನ್ನನ್ನು ಎತ್ತಿ ಪಕ್ಕಕ್ಕಿಟ್ಟು, ಕಾಗದ ತೆಗೆದು ಸೆರಗಿನಲ್ಲಿ ಒರೆಸಿದಳು. ಮುದುಕಿ ಅಳತೊಡಗಿದಳು.

"ಕೋರ್ಟು ಹನ್ನೊಂದಕ್ಕೆ," ಎಂದಳು ಮಾಳಮ್ಮ. "ಏಳು ತಾಯಿ, ಬಸ್ಸು ತಪ್ಪುತ್ತೆ."

ಇಬ್ಬರೂ ಹೋದರು. ಟ್ರಂಕು ಮುಚ್ಚಲು ಮರೆತಿದ್ದಳು. ಸಂಜೆಯವರೆಗೆ ನಾನು ಬೆಳಕಿನಲ್ಲಿ ಬಿದ್ದಿದ್ದೆ. ಇಂಥ ಒಂದು ಕಾಗದ ಅಂದು ಹನ್ನೊಂದು ಮನೆಗಳಲ್ಲಿತ್ತು.