ಓಣಿಗೆ ಅಡ್ಡ ನಿಂತ ಕಾರು

"ಹೈಲೇಸಾ!" ಎಂದು ಎಲ್ಲರೂ ಒಟ್ಟಿಗೆ ಹೆಗಲು ಕೊಟ್ಟು ದೂಡಿದರು. ಕಾರು ಜಪ್ಪಯ್ಯ ಅನ್ನಲಿಲ್ಲ.

ಅದರ ಹಿಂದೆ, ಓಣಿಯ ಬಾಯಲ್ಲಿ, ನಾಲ್ವರ ಹೆಗಲ ಮೇಲೆ ಮಂಜಯ್ಯ ಶೆಟ್ಟರು ಕಾಯುತ್ತಿದ್ದರು. ಬದುಕಿದ್ದಾಗ ಇದೇ ಕಾರಿನ ದೆಸೆಯಿಂದ ಎಷ್ಟೋ ಜನರನ್ನು ದಾರಿಯಲ್ಲಿ ಕಾಯಿಸಿದವರು. ಇವತ್ತು ಅವರ ಪಾಳಿ ಬಂದಿತ್ತು.

ಬೀಜಾಡಿಯ ಆ ಮನೆಯ ಅಂಗಳದಿಂದ ಚಿತೆ ಒಟ್ಟಿದ್ದ ಗದ್ದೆಗೆ ಹೋಗಲು ಇದ್ದದ್ದು ಅದೊಂದೇ ಓಣಿ. ಎರಡೂ ಬದಿಗೆ ಕೆಂಪುಕಲ್ಲಿನ ಪಾಗಾರದ ಗೋಡೆ, ನಡುವೆ ಕಾರು ನಿಂತರೆ ಬದಿಯಲ್ಲಿ ಒಬ್ಬರು ನುಸುಳುವಷ್ಟೇ ಜಾಗ. ನಿನ್ನೆ ಸಂಜೆ ಶೆಟ್ಟರು ಎಂದಿನಂತೆ ಕಾರನ್ನು ಓಣಿಗೆ ಇಳಿಸಿದ್ದರು. ಅಲ್ಲೇ ನಿಲ್ಲಿಸಿ, ಎದೆ ಉಜ್ಜಿಕೊಳ್ಳುತ್ತ ಬಂದು ಜಗಲಿಯಲ್ಲಿ ಕೂತು, ನೀರು ಕೇಳಿದರು. ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳು, ಓಡಾಟ, ಊರಿಗೆಲ್ಲ ಹೇಳಿಕಳಿಸುವುದು, ಮಾವಿನ ಮರ ಕಡಿಸುವುದು, ಈ ಗದ್ದಲದಲ್ಲಿ ಕಾರನ್ನು ತೆಗೆದಿಡುವ ನೆನಪು ಯಾರಿಗಿರುತ್ತದೆ? ಬದಿಯಿಂದ ಒಬ್ಬೊಬ್ಬರಾಗಿ ನುಸುಳಿ ಓಡಾಡಿದವರಿಗೆ, ಚಟ್ಟ ಹಾಗೆ ನುಸುಳದು ಎಂದು ಹೊಳೆದದ್ದು ಅದನ್ನು ಎತ್ತಿ ಓಣಿಗೆ ತಿರುಗಿದ ಮೇಲೇ.

"ಕೆಳ್ಗ್ ಇಡುವನಾ?" ಎಂದು ಹೊತ್ತವರಲ್ಲಿ ಒಬ್ಬ ಕೇಳಿದ.

"ಎತ್ತಿದ್ ಮೇಲೆ ಇಡುಕಾಗ. ಹಿಂದ್ ತಕಂಡ್ ಹೋಪುಕೂ ಆಗ," ಎಂದು ನೆರೆಮನೆಯ ಉಮಾನಾಥ ಹೆಗ್ಡೆ ಗದರಿದರು. ಊರಿನ ಯಾವ ಸಾವಿಗೂ ಕ್ರಮ ಹೇಳುವವರು ಅವರೇ.

"ಹಂಗಾರೆ ಪಾಗಾರದ್ ಮೇಲಿಂದ ದಾಟ್ಸುವ," ಎಂದ ಒಕ್ಕಲು ಐತ.

ಜಗಲಿಯಲ್ಲಿ ಹೆಂಗಸರ ನಡುವೆ ಕೂತಿದ್ದ ಗುಲಾಬಿಯಮ್ಮ, ಶೆಟ್ಟರ ಅಕ್ಕ, ಅಳು ನಿಲ್ಲಿಸಿ ತಲೆ ಎತ್ತಿದರು. "ನನ್ ತಮ್ಮ ಎಂತ ಕಳ್ನಾ, ಪಾಗಾರ ಹಾರಿ ಹೋಪುಕೆ?"

ಗುಲಾಬಿಯಮ್ಮನ ಮಗ ರತ್ನಾಕರ ಮತ್ತೊಮ್ಮೆ ಹೆಗಲು ಕೊಟ್ಟು ದೂಡಿದ. ಬ್ರಹ್ಮಾವರದಲ್ಲಿ ಹೋಟೆಲು ನಡೆಸುವವನು, ಚಿತೆಗೆ ಬೆಂಕಿ ಕೊಡಬೇಕಾದ ಸೋದರಳಿಯ. ಕಾಲು ಮರಳಿನಲ್ಲಿ ಜಾರಿ ಅಂಡೂರಿ ಕೂತ. ಸಿಟ್ಟು ನೆತ್ತಿಗೇರಿತು.

"ಎಂತಾ ಸಾವ್ ಮಾರಾಯ್ರೆ ಇದ್!"

ಓಣಿ ಗಪ್‌ಚಿಪ್ ಆಯಿತು. ಹೆಣ ಬೆನ್ನ ಹಿಂದೆಯೇ ಇರುವಾಗ ಆಡುವ ಮಾತೇ ಅದು? ಆಗ ಜಗಲಿಯಿಂದ ಕಿಸಕ್ಕನೆ ಒಂದು ನಗು ಕೇಳಿತು. ನಕ್ಕವರು ಗುಲಾಬಿಯಮ್ಮ.

"ಅವ ದಿನಾ ಆ ಕಾರಿಗ್ ಹೇಳ್ತಿದ್ದದ್ ಅದೇ ಮಾತಲ್ದಾ! ಬೆಳಿಗ್ಗೆ ಎದ್ ಕೂಡ್ಲೆ, ಎಂತಾ ಸಾವ್ ಮಾರಾಯ್ತಿ ನಿಂದ್!"

ಅಷ್ಟು ಸಾಕಾಯಿತು. ಒಬ್ಬರಿಂದ ಒಬ್ಬರಿಗೆ ನಗು ಹಬ್ಬಿತು. ಪಕ್ಕದ ಮನೆಯ ಚಂದ್ರಮತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನನ್ ಮದಿ ದಿಬ್ಬಣ ಹೊರ್ಟದ್ ಇದ್ರಲ್ಲೇ. ಸಾಸ್ತಾನದ ಹತ್ರ ನಿಂತ್ಕಂತ್. ಜರಿ ಸೀರಿ ಎತ್ತಿ ಕಟ್ಟಿ ನಾನೇ ದೂಡಿದ್ದೆ. ನಮ್ಮನಿಯವ್ರ್ ಇವತ್ತಿಗೂ ಅದ್ರ್ ಹೇಳಿ ನಗಾಡ್ತ್ರ್," ಎಂದಳು. ಚಟ್ಟ ಹೊತ್ತವರ ಹೆಗಲೂ ಕುಲುಕತೊಡಗಿ, "ಹ್ವಾಯ್, ಹೊತ್ತವ್ರ್ ನಗಾಡ್ಬೇಡಿ!" ಎಂದು ಹೆಗ್ಡೆಯವರೇ ಕೂಗಬೇಕಾಯಿತು.

ಹರಿಣಾಕ್ಷಿ ಒಬ್ಬಳು ನಗಲಿಲ್ಲ. ಗುಲಾಬಿಯಮ್ಮನ ಕಿರಿಮಗಳು ಅವಳು. ಗಂಡ ಬೊಂಬಾಯಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ, ಇವಳು ತಾಯಿಮನೆಯಲ್ಲಿ. ಬೆಳಿಗ್ಗೆ ಅಣ್ಣ ರತ್ನಾಕರ ಹೆಗ್ಡೆಯವರ ಹತ್ತಿರ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ನಾಳೆಯೇ ಗುಜರಿಯವನಿಗೆ ಬರಹೇಳುತ್ತೇನೆ, ಈ ಕಾರು ಇನ್ನು ಒಂದು ದಿನ ನಮ್ಮ ಅಂಗಳದಲ್ಲಿ ಇರಕೂಡದು ಎಂದಿದ್ದ. ಆಗಿನಿಂದ ಅವಳಿಗೆ ಮಾವ ಸತ್ತ ದುಃಖದ ಮೇಲೆ ಇನ್ನೊಂದು ಸಂಕಟ ಸೇರಿಕೊಂಡಿತ್ತು.

*

ಐವತ್ತಾರನೇ ಇಸವಿಯಲ್ಲಿ ಆಸ್ತಿಗೆ ಹೊಸ ಕಾನೂನು ಬಂತೆಂದು ಊರೆಲ್ಲ ಗುಲ್ಲೋ ಗುಲ್ಲು. ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ಮನೆಗಳಲ್ಲಿ ಮಕ್ಕಳೂ ಅಳಿಯಂದಿರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದ ಕಾಲ. ಮನೆಯ ಯಜಮಾನರಾಗಿದ್ದ, ಶೆಟ್ಟರ ದೊಡ್ಡಮಾವ ಹಾಸಿಗೆ ಹಿಡಿದಿದ್ದರು. ಅವರು ಎಲ್ಲರನ್ನೂ ಕರೆಸಿ ಒಂದೇ ಮಾತು ಹೇಳಿದರು. "ಕಾನೂನ್ ಎಂತ ಬೇಕಾರೂ ಹೇಳ್ಲಿ. ಕಾರ್ ಮಾತ್ರ ಅಳಿಯ ಮಂಜಯ್ಯಂಗೆ. ಉಳ್ದವ್ರಿಗ್ ಅದ್ರ್ ದೂಡುವಷ್ಟ್ ತಾಳ್ಮಿ ಇಲ್ಲ."

ಮದುವೆಯಾಗದ ಮಂಜಯ್ಯ ಶೆಟ್ಟರಿಗೆ ಅಂದಿನಿಂದ ಅದೇ ಸಂಸಾರ. ಕಡಲ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯಬಾರದೆಂದು ಸಂಜೆಗೊಮ್ಮೆ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಮೈ ಒರೆಸುವುದು, ಪೆಟ್ರೋಲು ಸೋರಿದರೆ ಸಾಬೂನು ಮೆತ್ತುವುದು, ರೇಡಿಯೇಟರು ಒಸರಿದರೆ ಅಡುಗೆಮನೆಯಿಂದ ಅರಶಿನ ಹುಡಿ ಕದ್ದು ತಂದು ಸುರಿಯುವುದು. ಸಾರಿಗೆ ಅರಶಿನ ಇಲ್ಲದ ದಿನ ಗುಲಾಬಿಯಮ್ಮ ಸೀದಾ ಕಾರಿನ ಹತ್ತಿರ ಬಂದು ಬೈಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಾಗ ಮಾತ್ರ ಶೆಟ್ಟರು, ಪಾಪ ಬಸುರಿ ಬಾಣಂತಿಯರನ್ನು ಎಬ್ಬಿಸಬಾರದೆಂದು, ಮರಿ ಹೊರಬರುವ ತನಕ ಕಾರು ಹೊರಡಿಸಲಿಲ್ಲ.

ಮದುವೆಯಾದ ಮರುವರ್ಷ ಹರಿಣಾಕ್ಷಿ ಒಂದು ಸಂಜೆ ಬಟ್ಟೆ ಹಿಂಡಿ ಕೊಡುತ್ತ ಕೇಳಿದಳು. "ನಂಗೂ ಕಲ್ಸ್ತ್ರ್ಯಾ ಮಾವ?"

ಶೆಟ್ಟರು ಅತ್ತಿತ್ತ ನೋಡಿದರು. ಆಮೇಲೆ ಬಾಗಿಲು ತೆರೆದು ಹಿಡಿದರು. "ಹೆಣ್ಮಕ್ಳ್ ಓಡ್ಸುಕಾಗ ಅಂದೇಳಿ ಕಾರಿಗ್ ಗೊತ್ತಿಲ್ಲ. ನೀನೂ ಹೇಳುಕ್ ಹೋಗ್ಬೇಡ."

*

ಹರಿಣಾಕ್ಷಿ ಜಗಲಿಯಿಂದ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಗಾರಕ್ಕೂ ಚಟ್ಟಕ್ಕೂ ನಡುವೆ ನುಸುಳಿ ಮುಂದೆ ಬಂದಳು. ಮಾವನ ಕಾಲಿಗೆ ಕೈ ತಾಗಿತು. ಈಗ ಸುಮ್ಮನಿದ್ದರೆ ನಾಳೆ ಗುಜರಿಯವನ ಮುಂದೆಯೂ ಸುಮ್ಮನಿರಬೇಕಾಗುತ್ತದೆ ಎಂಬುದಷ್ಟೇ ಅವಳ ತಲೆಯಲ್ಲಿ ಇತ್ತು.

"ದೂಡ್ಬೇಡಿ. ಗೇರ್ ಹಾಕ್ಕಂಡೇ ಇತ್ತ್ ಅದ್, ಮರ್ಳಂಗ್ ಚಕ್ರವೂ ಹೂತಿತ್ತ್. ಇಂಜಿನ್ ಶುರು ಆಗ್ದೆ ಬಿಡುದಿಲ್ಲ. ಅಣ್ಣ, ನೀ ಮುಂದ್ ಹೋಗಿ ಹ್ಯಾಂಡ್ಲ್ ತಿರ್ಗಿಸ್."

"ನೀ ಎಂತ ಮಾಡುದ್?"

"ನಾ ಕ್ಲಚ್ ಒತ್ತುದ್."

"ನಿಂಗ್ ಯಾರ್ ಕಲ್ಸಿದ್?"

ಹರಿಣಾಕ್ಷಿ ಕಣ್ಣಿನಲ್ಲೇ ಚಟ್ಟದ ಕಡೆ ತೋರಿಸಿದಳು. "ಕೇಳ್ ಹೋಗ್."

ಐತ ಫಕ್ಕನೆ ನಕ್ಕ. ಹರಿಣಾಕ್ಷಿ ಬಾಗಿಲು ಓರೆ ಮಾಡಿ ಒಳಗೆ ನುಸುಳಿ ಕೂತಳು, ರತ್ನಾಕರ ಪಾಗಾರ ಹಿಡಿದುಕೊಂಡು ಕಾರಿನ ಮುಂದೆ ಹೋದ. ಅದರ ಮೂತಿಗೆ ಸಿಕ್ಕಿಸಿದ ಹ್ಯಾಂಡಲು ತಿರುಗಿಸಿ ತಿರುಗಿಸಿ ಅವನ ಮುಖ ಕೆಂಪೇರಿತು. ಕಾರು ಒಮ್ಮೆ ಕೆಮ್ಮಿತು, ಸುಮ್ಮನಾಯಿತು. ಮತ್ತೆ ಕೆಮ್ಮಿತು. ಕೊನೆಗೆ ಮೈಯೆಲ್ಲ ನಡುಗಿಸಿಕೊಂಡು ಗುಡುಗುಡು ಎಂದು ಶುರುವಾಗಿಯೇಬಿಟ್ಟಿತು. ಹಿಂದಿನ ಕೊಳವೆಯಿಂದ ಬುಸ್ಸೆಂದು ಹೊರಟ ಕರಿಹೊಗೆ ಚಟ್ಟವನ್ನೂ ಹೊತ್ತವರನ್ನೂ ಮುಚ್ಚಿಬಿಟ್ಟಿತು.

"ಶೆಟ್ರಿಗ್ ಧೂಪ ಆಯ್ತ್," ಎಂದು ಹೊಗೆಯೊಳಗಿಂದ ಯಾರೋ ಹೇಳಿದರು.

ಹಿಂದೆ ಬರುವಂತಿಲ್ಲ, ಹಿಂದೆ ಚಟ್ಟ. ಇದ್ದದ್ದು ಮುಂದಿನ ದಾರಿಯೊಂದೇ. ರತ್ನಾಕರ ಬದಿಗೆ ಸರಿದದ್ದೇ ಕಾರು ಮುಂದೆ ಉರುಳಿತು. ಆಗ ಹೆಗ್ಡೆಯವರಿಗೆ ಜ್ಞಾನೋದಯವಾಯಿತು.

"ಹ್ವಾಯ್, ಹೆಂಗ್ಸ್ರ್ ಅಲ್ಲಿಗ್ ಹೋಪ ಕ್ರಮ ಇಲ್ಲ!"

ಗುಲಾಬಿಯಮ್ಮ ಜಗಲಿಯ ಕಂಬ ಹಿಡಿದು ಎದ್ದು ನಿಂತರು. "ಹೆಂಗ್ಸ್ ಎಲ್ಲ್ ಹೋತಾಳ್ ಹೆಗ್ಡೇರೆ? ಹೋಪ್ದ್ ಕಾರ್. ಅವ್ಳ್ ಅದ್ರೊಳ್ಗ್ ಕೂಕಂಡಿದಾಳ್ ಅಷ್ಟೇ!"

ಹೀಗೆ ಮುಂದೆ ಕಾರು, ಹಿಂದೆ ಶೆಟ್ಟರು. ನಡೆಯುವವರ ಹೆಜ್ಜೆಗೆ ತಕ್ಕಂತೆ ಹರಿಣಾಕ್ಷಿ ಮೆಲ್ಲಗೆ ಓಡಿಸಿದಳು. ಕಲಿಸುವಾಗ ಮಾವ ಕೂರುತ್ತಿದ್ದ ಪಕ್ಕದ ಸೀಟು ಖಾಲಿ ಇದ್ದದ್ದು ಆಗ ಅವಳಿಗೆ ಕಂಡಿತು. ಆಗಲೇ ಅವಳು ಬಿಕ್ಕಿ ಬಿಕ್ಕಿ ಅತ್ತದ್ದು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

*

ಚಿತೆ ಹೊತ್ತಿಕೊಂಡಿತು. ಓಣಿ ಮುಗಿದು ಪಾಗಾರ ಬಿಟ್ಟಲ್ಲಿ, ಚಟ್ಟ ಬದಿಯಿಂದ ದಾಟುವಷ್ಟು ಮುಂದೆ ನಿಂತು, ಗದ್ದೆಯ ಅಂಚಿಗೆ ಮೂತಿ ಚಾಚಿ ಕಾರು ಗುಡುಗುಡು ಎನ್ನುತ್ತಲೇ ಇತ್ತು. ನಿಲ್ಲಿಸಿದರೆ ಮತ್ತೆ ಹೊರಡುತ್ತದೆಂಬ ಧೈರ್ಯ ಯಾರಿಗೂ ಇರಲಿಲ್ಲ. ಬೆಂಕಿ ಕೊಟ್ಟು ಮುಗಿಸಿದ ರತ್ನಾಕರ ಒದ್ದೆ ಪಂಚೆಯಲ್ಲಿ ಬಂದು ಕಿಟಕಿಯ ಹತ್ತಿರ ನಿಂತ.

"ನಂಗೆ ಇದ್ರ್ ಮೇಲೆ ಎಂತಕ್ ಸಿಟ್ಟ್ ಗೊತ್ತಿತ್ತಾ? ಎದಿನೋವ್ ಇಪ್ಪ ಜನ. ಹ್ಯಾಂಡ್ಲ್ ತಿರ್ಗ್ಸಿ ತಿರ್ಗ್ಸಿಯೇ ಮಾವ ಹೋದ್ದ್. ಈ ಕಾರೇ ಅವ್ರನ್ನ್ ಕೊಂದದ್."

ಹರಿಣಾಕ್ಷಿ ತಲೆಯಲ್ಲಾಡಿಸಿದಳು. "ಈ ವರ್ಷ ಮಾವ ಹ್ಯಾಂಡ್ಲ್ ಮುಟ್ಟೇ ಇಲ್ಲ ಅಣ್ಣ. ತಿರ್ಗ್ಸುದ್ ನಾನು. ನಿನ್ನೆಯೂ ನಾನೇ. ಮಾವ ಬರೀ ಕೂಕಂಡ್ ಓಡ್ಸುದ್. ಆ ಹೊತ್ತಂಗ್ ಅವ್ರ್ ಮುಖ ನೀ ಕಾಣ್ಕಿತ್ತ್."

ರತ್ನಾಕರ ಅವಳ ಅಂಗೈ ನೋಡಿದ. ಬೆರಳ ಬುಡದಲ್ಲೆಲ್ಲ ದಡ್ಡುಗಟ್ಟಿತ್ತು. ಅದು ಒನಕೆಯದೋ ಹ್ಯಾಂಡಲಿನದೋ ಎಂದು ಈ ತನಕ ಯಾರೂ ಅವಳನ್ನು ಕೇಳಿರಲಿಲ್ಲ.

"ಮಾರ್ಬೇಡ ಅಣ್ಣ," ಎಂದಳು ಹರಿಣಾಕ್ಷಿ. "ನಂಗೆ ಬೇಕ್ ಅದ್."

ಅವನು ಉತ್ತರ ಕೊಡುವ ಮೊದಲೇ ಹೆಗ್ಡೆಯವರು ಎಲ್ಲರನ್ನೂ ಹೊರಡಿಸಿದರು. "ಹೊರ್ಡಿ, ಹೊರ್ಡಿ. ಇನ್ನ್ ಯಾರೂ ತಿರ್ಗಿ ಕಾಂಬುಕಾಗ. ಸೀದಾ ಮನಿಗೆ." ಗಂಡಸರು ಚಿತೆಗೆ ಬೆನ್ನು ಹಾಕಿ, ಕಾರಿನ ಎರಡೂ ಬದಿಯಿಂದ ಒಬ್ಬೊಬ್ಬರಾಗಿ ದಾಟಿ, ಓಣಿ ಹಿಡಿದು ಹೊರಟರು.

ಕಾರು ತಿರುಗಿಸಲು ಅಲ್ಲಿ ಜಾಗವಿಲ್ಲ. ಹರಿಣಾಕ್ಷಿ ರಿವರ್ಸ್ ಗೇರು ಹಾಕಿದಳು. ಅವಳ ಪಾಲಿಗೆ ಮನೆ ಬೆನ್ನ ಹಿಂದೆ ಇತ್ತು, ಚಿತೆ ಕಣ್ಣ ಮುಂದೆ.

ಕೊನೆಯವನಾಗಿ ರತ್ನಾಕರ ಕಾರಿನ ಹಿಂದೆ ಬಂದು ನಿಂತ. ಮುಖ ಮನೆಯ ಕಡೆಗೆ, ಬೆನ್ನು ಕಾರಿಗೆ. ತಿರುಗಿ ನೋಡುವಂತಿಲ್ಲವಲ್ಲ! ಹಾಗೆಯೇ ಒಂದು ಕೈ ಮೇಲೆತ್ತಿ ಕೂಗಿದ.

"ನಾಳೆ ಆ ಗುಜ್ರಿಯವ ಬಂದ್ರೆ ನೀನೇ ಹೇಳಿ ಕಳ್ಸ್, ನಮ್ ಕಾರ್ ಕೊಡುಕಿಲ್ಲ ಅಂದೇಳಿ. ಹ್ಞಾ, ಬರ್ಲಿ... ಬರ್ಲಿ... ಚೂರ್ ಎಡಕ್ಕೆ... ಬರ್ಲಿ..."

ಕಾರು ಅವನ ಹಿಮ್ಮಡಿಗೆ ತಾಗುವಷ್ಟು ಹತ್ತಿರದಲ್ಲಿ ಹಿಂದಕ್ಕೆ ಹೊರಟಿತು. ಅವನು ಒಮ್ಮೆಯೂ ತಿರುಗದೆ, ಕಣ್ಣಿಗೆ ಕಾಣದ ಕಾರಿಗೆ ಕೈಯಾಡಿಸಿ ದಾರಿ ತೋರಿಸುತ್ತ ನಡೆದ. ಹರಿಣಾಕ್ಷಿ ಒಮ್ಮೆ ಕತ್ತು ಹೊರಳಿಸಿ ಅಣ್ಣನ ಬೆನ್ನು ನೋಡುವಳು, ಒಮ್ಮೆ ಮುಂದಿನ ಗಾಜಿನಲ್ಲಿ ಉರಿಯುತ್ತಿದ್ದ ಬೆಂಕಿಯನ್ನು. ಊರೆಲ್ಲ ಬೆನ್ನು ಹಾಕಿ ಹೋಗುತ್ತಿದ್ದಾಗ ಓಣಿಯುದ್ದಕ್ಕೂ ಮಾವನ ಕಡೆಗೆ ಮುಖ ಮಾಡಿಕೊಂಡೇ ಮನೆಗೆ ಹೋದವಳು ಅವಳೊಬ್ಬಳೇ.