ಒಂದು ಸೈಜ್ ದೊಡ್ಡದು

“ನೆಟ್ಟಗೆ ನಿಂತ್ಕೋ ಪುಟ್ಟಾ. ಹೊಟ್ಟೆ ಒಳಗೆ ಎಳ್ಕೋಬೇಡ, ಉಸಿರು ಬಿಡು,” ಎನ್ನುತ್ತಾ ಅಕ್ಕ ನೀಲಿ ಫ್ರಾಕನ್ನು ಹುಡುಗಿಯ ಮೈಗೆ ಹಿಡಿದು ನೋಡಿದಳು. ಭುಜದ ಹೊಲಿಗೆ ಹುಡುಗಿಯ ತೋಳಿನ ಅರ್ಧಕ್ಕೆ ಇಳಿದಿತ್ತು. ಕೆಳಗಿನ ಅಂಚು ಮೊಣಕಾಲು ದಾಟಿ ಹಿಮ್ಮಡಿಯ ದಾರಿ ಹಿಡಿದಿತ್ತು. ಅಕ್ಕನಿಗೆ ಪರಮ ಸಂತೋಷವಾಯಿತು. “ಸರಿಯಾಗಿದೆ ನೋಡು. ಕೆಳಗೊಂದು ಮಡಿಕೆ ಹಾಕಿ ಹೊಲಿದ್ರೆ ಮುಂದಿನ ವರ್ಷಕ್ಕೂ ಆಗುತ್ತೆ, ಅದರ ಮುಂದಿನ ವರ್ಷಕ್ಕೂ ಆಗುತ್ತೆ.”

ಹುಡುಗಿಯ ಕಣ್ಣು ಹಿಂದಿನ ಕಂಬಿಯಲ್ಲಿ ನೇತಾಡುತ್ತಿದ್ದ ಹಳದಿ ಫ್ರಾಕಿನ ಮೇಲಿತ್ತು. ಪಕ್ಕದ ಮೇಜಿನಲ್ಲಿ ಗಂಡಸರ ಅಂಗಿಗಳನ್ನು ಮಡಿಸುತ್ತಿದ್ದ ತಂಗಿ ಅದನ್ನು ನೋಡಿದಳು. ನೋಡಿಯೂ ನೋಡದವಳಂತೆ ಇನ್ನೊಂದು ಅಂಗಿ ಕೈಗೆತ್ತಿಕೊಂಡಳು.

ರೈಲು ನಿಲ್ದಾಣದ ಹಿಂಭಾಗದಲ್ಲಿ, ಹಿಂದೆ ಪಾರ್ಸೆಲ್ ಇಡುತ್ತಿದ್ದ ಉದ್ದನೆಯ ಕೋಣೆಯದು. ಮನೆಯಿಲ್ಲದೆ ಸೇತುವೆಯ ಕೆಳಗೆ, ಮುಚ್ಚಿದ ಅಂಗಡಿಗಳ ಮುಂದೆ ಮಲಗುವವರಿಗೆ ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಬಟ್ಟೆ ಕೊಡುತ್ತಿದ್ದರು. ನಡೆಸುವವರು ಈ ಇಬ್ಬರು ಅಕ್ಕತಂಗಿಯರು. ಅಕ್ಕ ಆಸ್ಪತ್ರೆಯೊಂದರ ಹಾಸಿಗೆ ಹೊದಿಕೆಗಳ ಉಗ್ರಾಣ ನೋಡಿಕೊಂಡು ನಿವೃತ್ತಳಾದವಳು. ತಂಗಿ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಸ್ಟಾಂಪು ಮಾರಿ ನಿವೃತ್ತಳಾದವಳು. ಇಬ್ಬರಿಗೂ ಅರವತ್ತು ದಾಟಿತ್ತು. ತಂಗಿ ಈಗ ಕಡ್ಡಿಯಂತಾಗಿದ್ದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಗುಂಡುವೇ.

ಕೊಡುವವರ ಗುಣ ಕೊಟ್ಟ ಗಂಟು ಬಿಚ್ಚಿದರೆ ತಿಳಿಯುತ್ತದೆ. ಕೆಲವರು ಒಗೆದು, ಇಸ್ತ್ರಿ ಮಾಡಿ, ಮಗುವನ್ನು ಬೇರೆಯವರ ಮನೆಗೆ ಕಳಿಸುವಷ್ಟು ಅಕ್ಕರೆಯಿಂದ ಕಳಿಸುತ್ತಿದ್ದರು. ಕೆಲವರು ಒಂಟಿ ಕಾಲುಚೀಲ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಅಕ್ಕ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಮೂಸಿ ನೋಡಿ, “ನಾವು ಹಾಕ್ಕೊಳ್ಳೋಕೆ ನಾಚೋ ಬಟ್ಟೇನ ಇನ್ನೊಬ್ಬರ ಮೈಗೆ ಹಾಕಬಾರದು,” ಎಂದು ಪಕ್ಕಕ್ಕೆ ಎಸೆಯುತ್ತಿದ್ದಳು. ಅದು ಅವಳ ಮೊದಲ ಕಾನೂನು. ಎರಡನೆಯದು, ಬೆಳೆಯುವ ಮಕ್ಕಳಿಗೆ ಯಾವಾಗಲೂ ಒಂದು ಸೈಜ್ ದೊಡ್ಡದು. ಮಕ್ಕಳ ಬಟ್ಟೆ ಬರುವುದೇ ಅಪರೂಪ. ಒಂದು ಮಗುವಿಗೆ ಒಂದು ಕೊಟ್ಟರೆ ಮತ್ತೆ ಯಾವಾಗ ಸಿಗುತ್ತದೋ ಹೇಳುವಂತಿಲ್ಲ. ಅಕ್ಕನ ಲೆಕ್ಕ ತಪ್ಪೆಂದು ಯಾರೂ ಹೇಳುವಂತಿರಲಿಲ್ಲ, ಹೇಳಿದವರೂ ಇರಲಿಲ್ಲ.

ಆ ಕಾನೂನು ಅಕ್ಕನದಲ್ಲ, ಅಮ್ಮನದು.

ಅಮ್ಮ ತನ್ನ ಆಯುಷ್ಯದಲ್ಲಿ ಮಕ್ಕಳ ಬಟ್ಟೆಯನ್ನು ಅಳತೆಗೆ ಸರಿಯಾಗಿ ಹೊಲಿದವಳೇ ಅಲ್ಲ. ಕಿಟಕಿಯ ಕೆಳಗೆ ಅವಳ ಕಾಲಿನ ಹೊಲಿಗೆ ಯಂತ್ರವಿತ್ತು. ಅಕ್ಕನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡು, “ತಿರುಗು... ಸಾಕು... ಇನ್ನಷ್ಟು ತಿರುಗು” ಎಂದು ಅವಳು ಮೂಗಿನಲ್ಲೇ ಮಾತಾಡುತ್ತಿದ್ದಳು. ಇಷ್ಟು ದೊಡ್ಡದೇಕೆ ಎಂದು ಅಕ್ಕ ಅಳುಮೋರೆ ಮಾಡಿದರೆ ಪಿನ್ನು ಕೈಗೆ ತೆಗೆದುಕೊಂಡು, “ಬೆಳೆಯೋ ಮಕ್ಕಳ ಅಳತೆ ತಗೊಳ್ಳೋದು ಅಂದ್ರೆ ಹರಿಯೋ ನೀರಿಗೆ ಗೆರೆ ಎಳೆದ ಹಾಗೆ. ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು,” ಎನ್ನುತ್ತಿದ್ದಳು. ಯಂತ್ರದ ಅಡಿಯಲ್ಲಿ ಕೂತು ಬಣ್ಣಬಣ್ಣದ ನೂಲಿನ ತುಂಡು ಹೆಕ್ಕುತ್ತಿದ್ದ ತಂಗಿಗೆ ಕಾಣುತ್ತಿದ್ದುದು ಪೆಡಲು ತುಳಿಯುವ ಅಮ್ಮನ ಪಾದಗಳು ಮಾತ್ರ.

ವರ್ಷ ಕಳೆದಂತೆ ಅಮ್ಮ ಅಂಚಿನ ಮಡಿಕೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಬಿಸಿಲು ಕಾಣದೆ ಒಳಗೆ ಅಡಗಿದ್ದ ಬಟ್ಟೆ ಹೊಸದಾಗಿಯೇ ಇರುತ್ತಿದ್ದುದರಿಂದ ಮಾಸಿದ ಫ್ರಾಕಿನ ಸುತ್ತ ಗಾಢ ಬಣ್ಣದ ಪಟ್ಟಿಯೊಂದು ಮೂಡುತ್ತಿತ್ತು. ಎರಡನೆಯ ಪಟ್ಟಿ ಮೂಡಿದರೆ ಅದು ತಂಗಿಯ ಪಾಲಿಗೆ ಬರುವ ಕಾಲ ಹತ್ತಿರವಾಯಿತೆಂದು ಅರ್ಥ. ಹಸಿರು ಬಣ್ಣದ, ಬಿಳಿ ಹೂವಿನ ಫ್ರಾಕೊಂದಕ್ಕಾಗಿ ತಂಗಿ ಹಾಗೆ ಕಾದಿದ್ದಳು. ಬಂದ ದಿನ ಅದರ ಕುತ್ತಿಗೆಯಲ್ಲಿ ಅಕ್ಕನ ಪೌಡರಿನ ವಾಸನೆಯಿತ್ತು. ಹಾಕಿಕೊಂಡು ಬೀದಿಗೆ ಓಡಿದವಳನ್ನು ಎದುರು ಮನೆಯಾಕೆ ನಿಲ್ಲಿಸಿ, “ಇದು ನಿಮ್ಮಕ್ಕಂದಲ್ವೇನೇ?” ಎಂದು ಕೇಳಿದಳು. ಪಾಪ, ಆಕೆ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಆಮೇಲೆ ಬಂದ ಪ್ರತಿಯೊಂದು ಫ್ರಾಕಿಗೂ ಬೀದಿಯಲ್ಲಿ ಯಾರಾದರೊಬ್ಬರು ಅದೇ ಪ್ರಶ್ನೆ ಕೇಳಿದರು. ಇಷ್ಟಾದರೂ ಆ ಯಂತ್ರದ ಟಕಟಕ ಸದ್ದು ಇನ್ನೊಮ್ಮೆ ಕೇಳಲು ಸಿಗುವುದಾದರೆ ತಂಗಿ ಈಗ ಏನನ್ನು ಬೇಕಾದರೂ ಕೊಟ್ಟಾಳು.

“ಅಕ್ಕಾ, ನೀಲಿದು ಬೇಡ,” ಎಂದಳು ಹುಡುಗಿಯ ತಾಯಿ. ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಇನ್ನೊಂದು. ಇಷ್ಟು ಹೊತ್ತೂ ಎರಡನ್ನೂ ಕೆಳಗಿಟ್ಟಿರಲಿಲ್ಲ. “ಆ ಹಳದಿದು ಕೊಡಿ.”

“ಹಳದಿದು ಈಗಲೇ ಮೈಗೆ ಸರಿಯಾಗಿದೆ ಕಣಮ್ಮಾ. ನಾಲ್ಕು ತಿಂಗಳಲ್ಲಿ ಬಿಗಿಯಾಗುತ್ತೆ. ಆಮೇಲೆ?”

“ಆಮೇಲಿಂದು ಆಮೇಲೆ ನೋಡ್ಕೊಳ್ತೀನಿ. ಮುಂದಿನ ವರ್ಷಕ್ಕೆ ಅಂತ ಎತ್ತಿಡೋಕೆ ನಮಗೆಲ್ಲಿದೆ ಅಕ್ಕಾ ಬೀರು? ಬೆಳಿಗ್ಗೆ ಏಳುವಾಗ ತಲೆ ಕೆಳಗಿನ ಚೀಲ ಅಲ್ಲೇ ಇದ್ರೆ ಅದೇ ದೊಡ್ಡದು.” ಅವಳು ದನಿ ತಗ್ಗಿಸಿದಳು. “ಸೋಮವಾರದಿಂದ ಇವಳನ್ನ ಮತ್ತೆ ಸ್ಕೂಲಿಗೆ ಕಳಿಸ್ತಿದ್ದೀನಿ. ಹೋದ ಸಲ ಇಷ್ಟುದ್ದದ್ದು ಒಂದು ಹಾಕಿ ಕಳಿಸಿದ್ದೆ. ‘ಯಾರದ್ದೇ ಇದು, ಯಾರು ಕೊಟ್ರು?’ ಅಂತ ಮಕ್ಕಳು ಕೇಳಿ ಕೇಳಿ, ನಾನಿನ್ನು ಹೋಗಲ್ಲ ಅಂತ ಕೂತ್ಬಿಟ್ಳು. ಟೀಚರಮ್ಮನ ಕಾಲು ಹಿಡಿದು ಮತ್ತೆ ಸೇರಿಸಿದ್ದೀನಿ. ನೋಡಿದ ಕೂಡ್ಲೆ ಯಾರೋ ಕೊಟ್ಟಿದ್ದು ಅಂತ ಗೊತ್ತಾಗಬಾರದು. ಅಷ್ಟೇ ನಾನು ಕೇಳ್ತಿರೋದು.”

ಅಕ್ಕ ಕಂಬಿಯ ಕಡೆ ತಿರುಗಿ ನೋಡಿದಳು. ಹಳದಿ ಫ್ರಾಕನ್ನು ಐದಾರು ವರ್ಷದ ಮಗುವಿಗೆ ಕೊಟ್ಟರೆ ಎರಡು ವರ್ಷ ನಡೆಯುತ್ತದೆ. ಇದಕ್ಕೆ ಕೊಟ್ಟರೆ ನಾಲ್ಕೇ ತಿಂಗಳು. ಉಗ್ರಾಣದಲ್ಲಿ ಬದುಕು ಕಳೆದವಳ ಲೆಕ್ಕ ಅದು. ನೀಲಿ ಫ್ರಾಕನ್ನೇ ಮತ್ತೆ ಮುಂದಕ್ಕೆ ತಳ್ಳಿ, ಅತ್ತ ತಿರುಗಿ, ತನಗಷ್ಟೇ ಎಂಬಂತೆ ಗೊಣಗಿದಳು: “ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ.”

ಅಕ್ಕನ ಪಿಸುಮಾತು ಆಸ್ಪತ್ರೆಯ ಆ ತುದಿಯ ವಾರ್ಡಿಗೂ ಕೇಳುತ್ತಿತ್ತು ಎಂದು ಹೇಳುವುದುಂಟು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಾಯಿ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು, ನೀಲಿ ಫ್ರಾಕನ್ನು ಎರಡು ಕೈಯಿಂದ ಚೊಕ್ಕವಾಗಿ ಮಡಿಸಿ ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡು, “ಬಾ ಮಗಾ,” ಎಂದಳು.

“ಅಕ್ಕಾ, ಹಳದಿದು ಕೊಡು,” ಎಂದಳು ತಂಗಿ.

“ನೀನು ಸುಮ್ನಿರು ಗುಂಡು.”

“ಸುಮ್ನಿರಲ್ಲ.”

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಇಷ್ಟು ವರ್ಷಗಳಲ್ಲಿ ತಂಗಿ ಅವಳಿಗೆ ಎದುರಾಡಿದ್ದು ಬಹಳವೆಂದರೆ ಕಾಫಿಗೆ ಸಕ್ಕರೆ ಎಷ್ಟೆಂಬ ವಿಷಯದಲ್ಲಿ. “ಏನಂದೆ?”

“ಮೊಳ ಹಾಕಿದ್ರೆ ಏನು ತಪ್ಪು? ಮೈ ಇರೋರು ಮೊಳ ಹಾಕ್ತಾರೆ.” ತಂಗಿಗೆ ನಿಲ್ಲಿಸಲು ಆಗಲಿಲ್ಲ. “ನಿಂಗೆ ಅದು ಗೊತ್ತಾಗಲ್ಲ. ನಿಂಗೆ ಯಾವಾಗ್ಲೂ ಹೊಸದು. ನಂಗೆ ನಿನ್ನ ಹಳೇದು. ನಾನು ಏನು ಹಾಕ್ಕೊಂಡು ಹೊರಗೆ ಹೋದ್ರೂ ಬೀದಿಯೋರಿಗೆಲ್ಲ ಅದು ಯಾರದ್ದು ಅಂತ ಗೊತ್ತಿರ್ತಿತ್ತು. ಕೆಲಸಕ್ಕೆ ಸೇರಿದ ಮೊದಲನೇ ದಿನಾನೂ ನಿನ್ನ ಸ್ವೆಟರ್ ಹಾಕ್ಕೊಂಡೇ ಹೋಗಿದ್ದೆ ನಾನು!”

ಒಂದು ಶೂ ಹಾಕಿಕೊಂಡು ಇನ್ನೊಂದಕ್ಕೆ ಹುಡುಕುತ್ತಿದ್ದ ಗಂಡಸೊಬ್ಬ ಹುಡುಕುವುದನ್ನೇ ಬಿಟ್ಟು ನಿಂತ. ಬಾಗಿಲ ಬಳಿ ಹೋಗಿದ್ದ ತಾಯಿ ಗಾಬರಿಯಿಂದ ವಾಪಸು ಬಂದು, “ಅಕ್ಕಾ, ಅಮ್ಮಾ, ನಮ್ಮಿಂದ ನಿಮ್ಮಿಬ್ಬರಿಗೆ ಜಗಳ ಬೇಡ. ನೀಲಿದೇ ಕೊಡಿ, ಹೋಗ್ಲಿ,” ಎಂದಳು.

ಅಕ್ಕ ಅವಳ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಧಾನವಾಗಿ ಕೂತಳು.

“ಹೊಸದು ನಂದು, ನಿಜ,” ಎಂದಳು. ಈ ಸಲ ನಿಜವಾಗಿಯೂ ದನಿ ಸಣ್ಣದಾಗಿತ್ತು. “ಆದ್ರೆ ಯಾವತ್ತಾದ್ರೂ ಒಂದು ದಿನ ಅದು ನನ್ನ ಮೈಗೆ ಸರಿಯಾಗಿ ಕೂತಿದ್ದು ನೋಡಿದ್ದೀಯೇನೇ? ಮೊದಲನೇ ವರ್ಷ ಗೋಣಿಚೀಲ. ಎರಡನೇ ವರ್ಷ ಸೊಂಟಕ್ಕೊಂದು ಪಿನ್ನು. ಅಂತೂ ಈಗ ಸರಿಹೋಯ್ತು, ನನ್ನದು ಅನ್ನಿಸ್ತು ಅನ್ನೋವಾಗ ಅಮ್ಮ ಬಿಚ್ಚಿಸಿ ನಿಂಗೆ ಹಾಕ್ತಿದ್ಲು. ನೀನು ದುಂಡಗಿದ್ದೆ, ನಿಂಗೆ ಹೇಳಿ ಹೊಲಿಸಿದ ಹಾಗೆ ಕೂರ್ತಿತ್ತು. ಆ ಬಿಳಿ ಹೂವಿನ ಹಸಿರು ಫ್ರಾಕು... ಅದು ನಂಗೆ ಸರಿಯಾಗಿ ಆಗಿದ್ದು ಒಂದೇ ತಿಂಗಳು ಕಣೇ. ನೀನು ಅದನ್ನ ಹಾಕ್ಕೊಂಡು ಬೀದಿಗೆ ಓಡಿದ್ದು ನೋಡಿ ನಾನು ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಅತ್ತಿದ್ದೆ. ಅಮ್ಮಂಗೆ ಕೇಳಿಸಬಾರದು ಅಂತ ನಲ್ಲಿ ಬಿಟ್ಕೊಂಡಿದ್ದೆ.”

ತಂಗಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಕಣ್ಣು ತುಂಬಿ ಬಂತು. ಒಂದೇ ಫ್ರಾಕಿನ ಮೇಲೆ ಇಬ್ಬರೂ ಹೊಟ್ಟೆ ಉರಿಸಿಕೊಂಡು ಬೆಳೆದಿದ್ದರು, ಪ್ರತಿ ರಾತ್ರಿ ಒಂದೇ ಹೊದಿಕೆಯೊಳಗೆ ಮಲಗಿಯೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. “ನಂಗೆ ಯಾಕೆ ಹೇಳ್ಲಿಲ್ಲ?” ಎಂದಳು ಕೊನೆಗೆ.

“ಹೇಳಿದ್ರೆ ವಾಪಸ್ ಕೊಡ್ತಿದ್ಯಾ?”

“ಇಲ್ಲಪ್ಪಾ,” ಎಂದಳು ತಂಗಿ, ಮೂಗೊರೆಸಿಕೊಳ್ಳುತ್ತಾ. ಇಬ್ಬರಿಗೂ ನಗು ಬಂತು.

ತಾನು ಪಟ್ಟ ಪಾಡನ್ನೇ ಲೋಕಕ್ಕೆಲ್ಲ ಕಾನೂನು ಮಾಡಿದವರಲ್ಲಿ ಅಕ್ಕನೇ ಮೊದಲಿಗಳಲ್ಲ. ಆದರೆ ಅವಳು ಎದ್ದಳು. ಕಂಬಿಯಿಂದ ಹಳದಿ ಫ್ರಾಕನ್ನು ಇಳಿಸಿ, ಒಂದು ಸಲ ಕೊಡವಿ, ಗುಂಡಿಗಳು ಗಟ್ಟಿಯಾಗಿವೆಯೇ ಎಂದು ಒಂದೊಂದನ್ನೂ ಎಳೆದು ನೋಡಿ, ಹುಡುಗಿಯ ಕೈಗೆ ಕೊಟ್ಟು, “ಪರದೆ ಹಿಂದೆ ಹೋಗಿ ಹಾಕ್ಕೊಂಡು ಬಾ,” ಎಂದಳು. ತಾಯಿಯ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಅವಳ ಭುಜದ ಚೀಲವನ್ನು ನೋಡುತ್ತಾ, “ನಾನು ಹಾಗೆ ಅನ್ನಬಾರದಿತ್ತು,” ಎಂದಳು. “ಬಿಗಿಯಾದಾಗ ಬಾ. ಏನಾದ್ರೂ ನೋಡೋಣ. ಸಿಗುತ್ತೆ ಅಂತ ಮಾತ್ರ ಹೇಳಲ್ಲ.”

“ಅಷ್ಟು ಸಾಕಕ್ಕಾ,” ಎಂದಳು ತಾಯಿ.

ಹುಡುಗಿ ಪರದೆಯಿಂದ ಹೊರಬಂದಳು. ಭುಜದ ಹೊಲಿಗೆ ಭುಜದ ಮೇಲೇ ಇತ್ತು, ಸೊಂಟ ಸೊಂಟದಲ್ಲಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಪ್ರತಿ ಶನಿವಾರವೂ ತಡವಾಗಿಯೇ ಬಂದು, ಬರುವಾಗಲೇ ಮಾತು ತರುವ ಮುದುಕನೊಬ್ಬ ಊರುಗೋಲು ಟಕ್ಕೆನಿಸುತ್ತಾ ಒಳಗೆ ಬಂದ. ನಡೆದದ್ದೊಂದೂ ಅವನಿಗೆ ತಿಳಿಯದು. ಹುಡುಗಿಯ ಮುಂದೆ ನಿಂತು, ತಲೆಯಿಂದ ಪಾದದವರೆಗೆ ನೋಡಿ, “ಓಹೋಹೋ! ಏನಮ್ಮಾ, ಜೋರಾಗಿದೆ! ಯಾರು ಹೊಲಿದುಕೊಟ್ರು ನಿಂಗೆ ಇದನ್ನ?” ಎಂದು ಕೇಳಿದ.

ಹುಡುಗಿಯ ಮುಖ ಬಾಡಿತು. ಅವಳು ತಾಯಿಯನ್ನು ನೋಡಿದಳು. ತಾಯಿ ನೆಲ ನೋಡಿದಳು.

“ನಾನೇ ಕಣಪ್ಪಾ,” ಎಂದಳು ಅಕ್ಕ. ಸೂಜಿಗೆ ನೂಲು ಪೋಣಿಸಲೂ ತಂಗಿಯನ್ನು ಕರೆಯುವವಳು, ಆಸ್ಪತ್ರೆಯ ಒಂದು ದಿಂಬಿನ ಚೀಲ ಕಳೆದರೂ ಸುಳ್ಳು ಹೇಳದವಳು, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದಳು. “ಅವಳನ್ನ ನಿಲ್ಲಿಸಿ, ಅಳತೆ ತಗೊಂಡೇ ಹೊಲಿದಿದ್ದು.”

“ಅದಕ್ಕೇ ಹಾಗೆ ಕೂತಿದೆ,” ಎಂದು ಮುದುಕ ತಲೆದೂಗಿ ಸಾಲಿನ ಕೊನೆಗೆ ಹೋದ.

ತಂಗಿ ತಲೆ ಬಗ್ಗಿಸಿ ಅಂಗಿ ಮಡಿಸತೊಡಗಿದಳು. ಶೂ ಹುಡುಕುತ್ತಿದ್ದವನಿಗೆ ಅದರ ಜೊತೆ ಸಿಕ್ಕಿತು. ತಾಯಿ ಚೀಲಗಳನ್ನು ಸರಿಮಾಡಿಕೊಂಡು ಮೆಟ್ಟಿಲಿಳಿದು ಬೀದಿಯಲ್ಲಿ ಕಾಯುತ್ತಿದ್ದಳು. ಹುಡುಗಿ ಬಾಗಿಲವರೆಗೆ ನಿಧಾನವಾಗಿ ನಡೆದುಹೋದಳು, ಬಟ್ಟೆಗೆ ಎಲ್ಲಿ ಸುಕ್ಕು ಬೀಳುವುದೋ ಎಂದು ಎರಡು ಕೈಗಳನ್ನೂ ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡು.